ಜುಟ್ಟಿಗೆ ಮಲ್ಲಿಗೆ, ಅಂಗಿಗೆ ಇಸ್ತ್ರಿ

(ಶಿಡ್ಲಘಟ್ಟದಲ್ಲಿ ಒಂದು ಭಾನುವಾರ ಸಂಜೆ, ಊರಿನ ಓದುಗ ಗೆಳೆಯರ ಮುಂದೆ ಆಡಿದ ಮಾತು. ತೊದಲಿದ್ದು, ನಡುವೆ ಕರೆಂಟು ಹೋಗಿ ಸುಮ್ಮನೆ ಕೂತಿದ್ದು ಇವನ್ನು ಬಿಟ್ಟು ಉಳಿದದ್ದನ್ನು ಆದಷ್ಟು ಹಾಗೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಾಡಲು ಕರೆದ ಗೆಳೆಯರು ಫೋನಿನಲ್ಲಿ ವಿಷಯ ಏನು ಅಂತ ಕೇಳಿದರು. "ಬಟ್ಟೆ, ಹಾಡು, ಸ್ಕೋಪು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸಾರ್, ಕಾರ್ಡಲ್ಲಿ ಅಭಿರುಚಿ ಅಂತ ಹಾಕಿಸ್ತೀವಿ" ಅಂದರು. ಅಲ್ಲೇ ಶುರುವಾಯಿತು ನೋಡಿ. ಒಬ್ಬನ ಅಂಗಿ ನಮಗೆ ಹಿಡಿಸಿದರೆ ಅಭಿರುಚಿ. ಅದೇ ಅಂಗಿ ಕಣ್ಣು ಕುಕ್ಕಿದರೆ ಸ್ಕೋಪು.

ನಮ್ಮ ಕಡೆ ಬರ ಇರೋದು ನೀರಿಗೆ, ಬೈಗುಳಕ್ಕಲ್ಲ. ಜಂಬ, ಬಿಂಕ, ಶೋಕಿ, ದೊಡ್ಡಸ್ತಿಕೆ, ಧಿಮಾಕು, ಕೊಬ್ಬು, ಬಿಲ್ಡಪ್ಪು. ಎಲ್ಲವೂ ಒಂದೇ ಅರ್ಥ ಅಂದುಕೊಳ್ಳಬೇಡಿ. ಯಾವುದನ್ನು ಯಾರಿಗೆ ಬಳಸುತ್ತೇವೆ ಅಂತ ಗಮನಿಸಿ. ಬಿಂಕ ಹೆಚ್ಚಾಗಿ ಹುಡುಗಿಯರಿಗೆ. ತೋಟ, ಮನೆ ಇರುವವನ ಮಗ ಹೊಸ ಬೂಟು ಹಾಕಿದರೆ ಶೋಕಿ. ಅವನ ತೋಟದಲ್ಲಿ ಕೂಲಿ ಮಾಡುವವನ ಮಗ ಅದೇ ಬೂಟು ಹಾಕಿದರೆ ಕೊಬ್ಬು. ಶೋಕಿ ಅನ್ನುವಾಗ ಸ್ವಲ್ಪ ನಗು ಇರುತ್ತದೆ. ಕೊಬ್ಬು ಅನ್ನುವಾಗ ಯಾರೂ ನಗುವುದಿಲ್ಲ.

ಗಾದೆಗಳೂ ಹಾಗೇ. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಅಂತ ಒಂದಿದೆ. ಬಟ್ಟೆ ಹಾಕುವವನು ನೀನಾದರೂ ನೋಡುವವರು ನಾವು, ನಮಗೂ ಒಂದು ಮಾತು ಇರಲಿ ಅಂತ ಊರು ಹೇಳುತ್ತಿದೆ. ಇದನ್ನು ಒಪ್ಪಿಕೊಳ್ಳಬಹುದು. "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ" ಅನ್ನುವುದು ಮಾತ್ರ ನನಗೆ ಕಷ್ಟ. ಒಂದು ಕಾಲದಲ್ಲಿ ಕೊಡೆ ಅಂದರೆ ಬರೀ ಮಳೆಗೆ ಹಿಡಿಯುವ ವಸ್ತು ಆಗಿರಲಿಲ್ಲ. ರಾಜನ ತಲೆ ಮೇಲೆ ಬಿಳಿ ಕೊಡೆ, ದೇವರ ಮೇಲೆ ಕೊಡೆ. ಯಾರು ಹಿಡಿಯಬಹುದು, ಯಾರು ಹಿಡಿಯಬಾರದು ಅಂತ ಲೆಕ್ಕ ಇತ್ತು. ಹಗಲಲ್ಲಿ ಹಿಡಿಯಲು ಬಿಡದಿದ್ದರೆ ಪಾಪ ಅವನು ರಾತ್ರಿಯಲ್ಲೇ ತಾನೇ ಹಿಡಿಯಬೇಕು?

ಇನ್ನೊಂದು ಇದೆ, "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ". ಹಿಟ್ಟು ಅಂದರೆ ನಮ್ಮ ಕಡೆ ಮುದ್ದೆ ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ನಮ್ಮದು ಹೂವು ಬೆಳೆಯುವ ಜಿಲ್ಲೆ. ಬೆಳಗಿನ ಜಾವ ಎದ್ದು ಹೂವು ಬಿಡಿಸಿ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಕಳಿಸುವ ಹೆಂಗಸು ಒಂದು ಮೊಳ ತನ್ನ ಜಡೆಗೆ ಇಟ್ಟುಕೊಂಡರೆ ಏನಂತೆ? ಹಿಟ್ಟಿಲ್ಲ ಅಂತ ಹೂವೂ ಬೇಡ ಅನ್ನುವುದಾದರೆ ಆ ಹೊಟ್ಟೆಗೆ ಎರಡು ಸಲ ಹಸಿವಾದ ಹಾಗೆ, ಅಲ್ವಾ?

ಸರಿ, ಗಾದೆ ಸಾಕು. ನಮ್ಮ ಅಮ್ಮನ ವಿಷಯಕ್ಕೆ ಬರುತ್ತೇನೆ.

ಅಮ್ಮ ಇದೇ ಊರಿನ ಒಂದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಅಂದರೆ ಫಿಲೇಚರ್‌ನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದರು. ಬೇರೆ ಊರಿಂದ ಬಂದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಬೇಯಿಸಿದ ರೇಷ್ಮೆ ಗೂಡು ಬೇಸಿನ್ನಿನ ಬಿಸಿ ನೀರಿನಲ್ಲಿ ತೇಲುತ್ತಿರುತ್ತದೆ. ಅದರ ತುದಿ ಹುಡುಕಬೇಕು. ಕೂದಲಿಗಿಂತ ಸಣ್ಣ ಎಳೆ, ಒಂದನ್ನೇ ಎಳೆದರೆ ಉಪಯೋಗವಿಲ್ಲ. ಎಂಟೊಂಬತ್ತು ಗೂಡಿನ ಎಳೆ ಒಟ್ಟಿಗೆ ಸೇರಿದರೆ ಒಂದು ನೂಲು. ಒಳ್ಳೆ ಗೂಡಾದರೆ ಒಂದರಲ್ಲೇ 1,000 ಮೀಟರ್ ಮೀರಿ ಎಳೆ ಬರುತ್ತದೆ. ನಡುವೆ ಒಂದು ಗೂಡು ಮುಗಿದರೆ ನೂಲು ತೆಳುವಾಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಗಬೇಕು, ತಕ್ಷಣ ಇನ್ನೊಂದು ಗೂಡಿನ ತುದಿ ಹಚ್ಚಬೇಕು. ದಿನವಿಡೀ ಬಿಸಿ ನೀರಿನಲ್ಲಿ ಕೈ. ಸಂಜೆ ಅಮ್ಮನ ಬೆರಳ ತುದಿ ಬೆಳ್ಳಗೆ, ಸುಕ್ಕು ಸುಕ್ಕಾಗಿ, ನೆನೆಸಿದ ಕಡಲೆಬೀಜದ ಸಿಪ್ಪೆ ತರ ಇರುತ್ತಿತ್ತು. ಅನ್ನ ಕಲಸಿದರೆ ಖಾರ ಹತ್ತಿ ಉರಿ ಅಂತ ಚಮಚದಲ್ಲಿ ಊಟ ಮಾಡುತ್ತಿದ್ದರು. ಚಮಚದಲ್ಲಿ ಊಟ! ಪಕ್ಕದ ಮನೆಯವರು ಅದಕ್ಕೂ "ನಿಮ್ಮಮ್ಮಂದು ಏನೋ ದೊರೆಸಾನಿ ಊಟ" ಅಂದಿದ್ದರು.

ಮತ್ತೆ ಆ ವಾಸನೆ. ಬೆಂದ ಹುಳದ ವಾಸನೆ ಈ ಊರಿನವರಿಗೆ ಗೊತ್ತಿದೆ. ಎಷ್ಟು ಸೋಪು ಹಾಕಿದರೂ ಸೀರೆಯಿಂದ ಹೋಗುತ್ತಿರಲಿಲ್ಲ. ಸಂಜೆ ಬಸ್ಸಿಗೆ ಫಿಲೇಚರ್ ಹೆಂಗಸರು ಹತ್ತಿದರೆ ಮುಂದಿನ ಸೀಟಿನವರು ಕಿಟಕಿ ತೆಗೆಯುತ್ತಿದ್ದರು. ಆ ಬಸ್ಸಲ್ಲಿ ಮದುವೆಗೆ ಹೊರಟು ರೇಷ್ಮೆ ಸೀರೆ ಉಟ್ಟವರೂ ಇರುತ್ತಿದ್ದರು. ಅವರೂ ಕಿಟಕಿ ತೆಗೆದವರೇ.

ನಮ್ಮ ಅಕ್ಕನ ಮದುವೆಗೆ ಸೀರೆ ತರಲು ಹೋದೆವು. ಅಂಗಡಿ ಯಾವುದು ಅಂತ ಹೇಳುವುದಿಲ್ಲ, ಅಂಗಡಿಯವರ ಮೊಮ್ಮಕ್ಕಳು ಇಲ್ಲೇ ಕೂತಿರಬಹುದು. ಅಮ್ಮ ಉಟ್ಟಿದ್ದು ನೈಲೆಕ್ಸ್ ಸೀರೆ. ಅಂಗಡಿ ಹುಡುಗ ಮೊದಲೇ ಒಂದು ಲೆಕ್ಕ ಹಾಕಿಬಿಟ್ಟಿದ್ದ. ಅಮ್ಮ ಒಂದು ಸೀರೆಯ ಸೆರಗನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಉಜ್ಜಿದರು. "ಇದು ಪೂರ್ತಿ ರೇಷ್ಮೆ ಅಲ್ಲಪ್ಪ" ಅಂದರು. ಹುಡುಗ ನಕ್ಕ. "ಇದು ನಿಮ್ಮ ರೇಟಲ್ಲಿ ಬರಲ್ಲಮ್ಮ, ಆ ಕಡೆ ತೋರಿಸ್ತೀನಿ ಬನ್ನಿ" ಅಂದ. ಅಮ್ಮ ಅಲ್ಲೇ ಕೂತು ಸೆರಗಿನ ಕುಚ್ಚಿನಿಂದ ಎರಡು ಎಳೆ ಬಿಡಿಸಿ, "ಒಂದು ಬೆಂಕಿಪೊಟ್ಟಣ ಕೊಡಿ" ಅಂದರು. ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು.

ರೇಷ್ಮೆ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಸುಟ್ಟರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಒಂದು ಎಳೆ ಪುಡಿಯಾಯಿತು, ಇನ್ನೊಂದು ಮಣಿಯಾಯಿತು. ಅಮ್ಮ ಆ ಮಣಿಯನ್ನು ಅಂಗೈಯಲ್ಲಿ ಇಟ್ಟು ತೋರಿಸಿದರು. ಯಜಮಾನರು ಅದನ್ನು ನೋಡಲಿಲ್ಲ, ಅಮ್ಮನ ಸೀರೆ ನೋಡಿದರು. "ತಗೊಳ್ಳೋಕೆ ಮುಂಚೆನೇ ಇಷ್ಟು ಧಿಮಾಕು" ಅಂದರು.

ಈ ಮಾತನ್ನು ನಾನು ಇಪ್ಪತ್ತೈದು ವರ್ಷದಿಂದ ಯೋಚನೆ ಮಾಡಿದ್ದೇನೆ. ಆ ಅಂಗಡಿಯಲ್ಲಿ ಅವತ್ತು ರೇಷ್ಮೆಯ ಬಗ್ಗೆ ಅಮ್ಮನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ. ಕಾರಿನಿಂದ ಇಳಿದವರು ಯಾರಾದರೂ ಅದೇ ಎಳೆ ಸುಟ್ಟಿದ್ದರೆ "ಮೇಡಂ, ನಿಮಗೆ ಒಳ್ಳೆ ಟೇಸ್ಟು" ಅಂತ ಕಾಫಿ ತರಿಸುತ್ತಿದ್ದರು. ಅಮ್ಮನಿಗೆ ಬಟ್ಟೆಯ ರುಚಿ ಬಂದದ್ದು ಬಿಸಿ ನೀರಿನಿಂದ. ಅದನ್ನು ಯಾರೂ ರುಚಿ ಅಂತ ಕರೆಯಲಿಲ್ಲ.

ಅಪ್ಪನ ಕಥೆ ಬೇರೆ. ಅಪ್ಪ ಮದುವೆಗೆ ಪಾಲಿಯೆಸ್ಟರ್ ಬೆರೆಸಿದ ಟೆರಿಕಾಟ್ ಅಂಗಿ ಹೊಲಿಸಿದ್ದರು. ಆಗ ಟೆರಿಲಿನ್, ಟೆರಿಕಾಟ್ ಅಂದರೆ ದೊಡ್ಡ ಶೋಕಿ. ಹತ್ತಿ ಬಟ್ಟೆ ಹಾಕುವವರು ಗತಿಯಿಲ್ಲದವರು. ನಾನು ದೊಡ್ಡವನಾಗುವ ಹೊತ್ತಿಗೆ ಏಣಿ ತಲೆಕೆಳಗಾಗಿತ್ತು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ, ನಾಲ್ಕು ಜನ ಓದಿಕೊಂಡವರ ಜೊತೆ ಓಡಾಡಿ, ನಾನು ಕೈಮಗ್ಗದ ಹತ್ತಿ ಅಂಗಿಗೆ ಬಂದಿದ್ದೆ. ಊರಿಗೆ ಬಂದಾಗ ಅಪ್ಪನಿಗೆ ಹೇಳಿದೆ, "ಈ ಪಾಲಿಯೆಸ್ಟರ್ ಬಿಡಪ್ಪ, ಸೆಕೆ ಆಗುತ್ತೆ. ನೋಡೋಕೂ ಚೆನ್ನಾಗಿಲ್ಲ. ಕಾಟನ್ ಹಾಕ್ಕೋ."

ಅಪ್ಪ ಬೀಡಿ ಆರಿಸಿ ಕೇಳಿದರು, "ಇಸ್ತ್ರಿ ಮಾಡೋರು ಯಾರು? ನಿಮ್ಮಮ್ಮನಾ?"

ಅಪ್ಪನಿಗೆ ಇದ್ದದ್ದು ಎರಡು ಅಂಗಿ. ರಾತ್ರಿ ಒಗೆದು ಹಗ್ಗಕ್ಕೆ ಹಾಕಿದರೆ ಬೆಳಗ್ಗೆ ಒಣಗಿರಬೇಕು. ಸುಕ್ಕಾಗಬಾರದು. ಹತ್ತು ವರ್ಷ ಬಾಳಬೇಕು. ಇಷ್ಟೆಲ್ಲ ಮಾಡುವ ಬಟ್ಟೆಯನ್ನು ನಾನು ಚೆನ್ನಾಗಿಲ್ಲ ಅಂದಿದ್ದೆ. ನನ್ನ ಕೈಮಗ್ಗದ ಅಂಗಿಯ ಹಿಂದೆ ಗಂಜಿ ಹಾಕುವವರು ಒಬ್ಬರು, ಇಸ್ತ್ರಿ ಹಿಡಿಯುವವರು ಒಬ್ಬರು ಬೇಕು ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಹಾಗಂತ ನಾನು ಹತ್ತಿ ಬಿಡಲಿಲ್ಲ. ಈಗಲೂ ಅದೇ ಹಾಕುತ್ತೇನೆ, ಮೈಗೆ ಹಿತ. ಆದರೆ ಇನ್ನೊಬ್ಬರ ಅಂಗಿ ನೋಡಿ ಮಾತಾಡುವ ಮುಂಚೆ ಆ ಬೀಡಿ ನೆನಪಾಗುತ್ತದೆ.

ಇಷ್ಟು ಹೊತ್ತು ಬೇರೆಯವರ ಧಿಮಾಕು ಹೇಳಿದೆ. ಈಗ ನನ್ನದು.

ಆಗ ನನಗೆ ಹೊಸದಾಗಿ ಸಂಗೀತದ ಹುಚ್ಚು ಹಿಡಿದಿತ್ತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿಗಳು ನಡೆಯುತ್ತವಲ್ಲ, ಅಲ್ಲಿ ಹಿಂದೆ ನಿಂತು ಕೇಳಿ ಕೇಳಿ, ಆಮೇಲೆ ಕುರ್ಚಿಯಲ್ಲಿ ಕೂತು, ತೊಡೆ ಮೇಲೆ ತಾಳ ಹಾಕುವಷ್ಟು ಆಗಿದ್ದೆ. ನಿಜ ಹೇಳುತ್ತೇನೆ, ಆ ಸಂಗೀತ ನನಗೆ ಇಷ್ಟವಾಗಿತ್ತು. ನಾಟಕ ಮಾಡುತ್ತಿರಲಿಲ್ಲ. ಆದರೆ ಇಷ್ಟವಾದ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. ಮನೆಯಲ್ಲಿ ತೆಲುಗು ಸಿನಿಮಾ ಹಾಡು ಹಾಕಿದರೆ ಎದ್ದು ಹೋಗಿ ಸೌಂಡು ಕಡಿಮೆ ಮಾಡುತ್ತಿದ್ದೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಮನೆ ಮಾತು ತೆಲುಗು, ಶಾಲೆ ಮಾತು ಕನ್ನಡ, ಗೂಡಿನ ಮಾರ್ಕೆಟ್ಟಿನಲ್ಲಿ ಉರ್ದು. ಇಂಥ ಕಡೆ ಹುಟ್ಟಿ ಹಾಡಿಗೆ ಮಡಿ ಮಾಡಲು ಹೊರಟಿದ್ದೆ.

ಅಕ್ಕನ ಮದುವೆಯ ದಿನ ಪಕ್ಕದ ಹಳ್ಳಿಯಿಂದ ತಮಟೆಯವರು ಬಂದರು. ಅಮ್ಮನೇ ಹೇಳಿ ಕಳಿಸಿದ್ದರು. ಛತ್ರದ ಮುಂದೆ ಒಣ ತೆಂಗಿನ ಗರಿ ಗುಡ್ಡೆ ಹಾಕಿ ಬೆಂಕಿ ಮಾಡಿದರು. ಒಬ್ಬೊಬ್ಬರೇ ತಮಟೆಯನ್ನು ಬೆಂಕಿಗೆ ತೋರಿಸುವುದು, ತಿರುಗಿಸುವುದು, ಬೆರಳಿನಿಂದ ತಟ್ಟಿ ಕಿವಿ ಕೊಡುವುದು, ಮತ್ತೆ ತೋರಿಸುವುದು. ಚರ್ಮ ಬಿಗಿಯಾಗುವವರೆಗೆ ಇದೇ ಕೆಲಸ. ಕಚೇರಿಯಲ್ಲಿ ಮೃದಂಗದವರು ಸುತ್ತಿಗೆಯಲ್ಲಿ ತಟ್ಟಿ ಶ್ರುತಿ ಸೇರಿಸುವುದನ್ನು ನಾನು ಉಸಿರು ಬಿಗಿ ಹಿಡಿದು ನೋಡುತ್ತಿದ್ದವನು. ಇಲ್ಲಿ ನಡೆಯುತ್ತಿರುವುದೂ ಅದೇ ಅಂತ ಹೊಳೆಯಲೇ ಇಲ್ಲ. ಹೊಗೆ ಒಳಗೆ ಬರುತ್ತಿದೆ ಅಂತ ಮಾತ್ರ ಕಂಡಿತು.

ಹೋಗಿ ಹೇಳಿದೆ, "ಒಳಗೆ ನಾದಸ್ವರ ಇದೆ. ನೀವು ಮೆರವಣಿಗೆ ಮುಗಿಸಿ ಗೇಟ್ ಹತ್ರಾನೇ ನಿಲ್ಲಿಸಿಬಿಡಿ."

ಆ ತಂಡದ ಹಿರಿಯರು ಅಮ್ಮನನ್ನು ಅಕ್ಕ ಅಂತ ಕರೆಯುವವರು. ಚಿಕ್ಕವನಿದ್ದಾಗ ನನ್ನನ್ನು "ಏನೋ ಮರಿ" ಅಂತಿದ್ದರು. ಅವತ್ತು ನನ್ನ ಮುಖ ನೋಡಿ, "ಆಯ್ತು ಸ್ವಾಮಿ" ಅಂದರು.

ಅಷ್ಟೇ ಅಂದದ್ದು. ಸೋದರಮಾವ ಪಕ್ಕದಲ್ಲೇ ನಿಂತಿದ್ದರು. ಅವರು ಬಿಡಲಿಲ್ಲ. "ಬೆಂಗ್ಳೂರಿಗೆ ಹೋಗಿ ಬರೀ ಬಟ್ಟೆ ಬದಲಾಯಿಸ್ಕೊಂಡ್ ಬಂದಿದ್ದೀಯ ಅಂದ್ಕೊಂಡಿದ್ದೆ. ಕಿವಿನೂ ಬದಲಾಯಿಸ್ಕೊಂಡ್ ಬಂದಿದ್ದೀಯ" ಅಂದರು. ನನಗೆ ಸಿಟ್ಟು ಬಂತು. ನನ್ನ ಸಂಗೀತ ನನ್ನಿಷ್ಟ, ಇವರಿಗೇನು ಗೊತ್ತು ಅಂದುಕೊಂಡೆ. ಸ್ಕೋಪು ಅಂತ ಅನ್ನಿಸಿಕೊಂಡವರೆಲ್ಲ ಮೊದಲು ಹೇಳುವುದು ಇದನ್ನೇ.

ಒಳಗೆ ನಾದಸ್ವರದ ಜೊತೆ ಡೋಲು ಇತ್ತು. ಡೋಲಿಗೂ ಚರ್ಮವೇ. ಅದು ಮಂಟಪದವರೆಗೆ ಬರಬಹುದು, ತಮಟೆ ಗೇಟಿನಲ್ಲಿ ನಿಲ್ಲಬೇಕು. ಯಾಕೆ ಅಂತ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ನನ್ನ ಕಿವಿಗೆ ಇಷ್ಟವಾಗಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ಕಿವಿ ಅಷ್ಟೊಂದು ಸ್ವಂತದ್ದಾಗಿರಲಿಲ್ಲ.

2023ರಲ್ಲಿ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಅವತ್ತು ಎಲ್ಲರ ವಾಟ್ಸಾಪ್ ಸ್ಟೇಟಸ್ಸಿನಲ್ಲೂ ತಮಟೆ. ನನ್ನದರಲ್ಲೂ. ಸ್ಟೇಟಸ್ ನೋಡಿದವರ ಪಟ್ಟಿ ಬರುತ್ತಲ್ಲ, ಅದರಲ್ಲಿ ಮಾವನ ಹೆಸರಿತ್ತು. ಅವರು ಏನೂ ಕಳಿಸಲಿಲ್ಲ. ಒಂದು ನಗುವ ಮುಖ ಕಳಿಸಿದ್ದರೂ ನೆಮ್ಮದಿ ಇರುತ್ತಿತ್ತು.

ನನ್ನೊಬ್ಬನದೇ ಇರಲಿ ಬಿಡಿ. ಒಂದು ದೇಶದ ರೇಡಿಯೋಗೇ ಇಂಥ ಧಿಮಾಕು ಬಂದ ಕಾಲ ಇತ್ತು. 1940ರಲ್ಲಿ ರೇಡಿಯೋದಲ್ಲಿ ಹಾರ್ಮೋನಿಯಂ ನಿಲ್ಲಿಸಿದರು. ವಿದೇಶಿ ವಾದ್ಯ, ಅದರ ಸ್ವರಗಳು ಮನೆಗೊಂದರಂತೆ, ಅಂದರೆ ಕೀಲಿಗೊಂದರಂತೆ, ಕಟ್ಟಿಟ್ಟವು, ನಮ್ಮ ಗಮಕ ಅದರಲ್ಲಿ ಬರುವುದಿಲ್ಲ ಅನ್ನುವ ವಾದ. ವಾದದಲ್ಲಿ ಹುರುಳಿಲ್ಲ ಅಂತಲ್ಲ. ಮನೆಯಿಂದ ಮನೆಗೆ ಜಾರಲು ಹಾರ್ಮೋನಿಯಂಗೆ ಆಗುವುದಿಲ್ಲ. ಆದರೆ ಆ ನಿಷೇಧ 1971ರವರೆಗೆ ನಡೆಯಿತು. ನಡುವೆ 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಅವರಿಗೆ ಸಿನಿಮಾ ಹಾಡು ಅಂದರೆ ಆಗುತ್ತಿರಲಿಲ್ಲ. ರೇಡಿಯೋದಿಂದ ಅದೂ ಹೋಯಿತು. ಜನ ಏನು ಮಾಡಿದರು? ಅಭಿರುಚಿ ಬದಲಾಯಿಸಿಕೊಂಡರಾ? ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೋ ಸಿಲೋನ್ ಹಾಕಿಕೊಂಡರು. ಕೊನೆಗೆ 1957ರಲ್ಲಿ ಸರ್ಕಾರವೇ ವಿವಿಧ ಭಾರತಿ ಶುರು ಮಾಡಬೇಕಾಯಿತು.

ಆ ಮೂವತ್ತೊಂದು ವರ್ಷ ರೇಡಿಯೋದಲ್ಲಿ ಇಲ್ಲದ ಹಾರ್ಮೋನಿಯಂ ನಮ್ಮ ಹಳ್ಳಿಗಳಲ್ಲಿ ಏನು ಮಾಡುತ್ತಿತ್ತು ಗೊತ್ತಾ? ರಾಗ ಕಲಿಸುತ್ತಿತ್ತು. ತುಮಕೂರಿನ ಕಡೆ ಗುಬ್ಬಿ ಕಂಪನಿ 1884ರಲ್ಲಿ ಶುರುವಾದದ್ದು. ಅಂಥ ಕಂಪನಿಗಳ ನಾಟಕ ನೋಡಿದವರು ತಮ್ಮ ತಮ್ಮ ಊರಿನಲ್ಲಿ ಕುರುಕ್ಷೇತ್ರ ಕಲಿತರು. ಈಗಲೂ ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ನಾಟಕ, ಅದಕ್ಕೆ ಮೊದಲು ತಿಂಗಳುಗಟ್ಟಲೆ ಪ್ರಾಕ್ಟೀಸು. ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ ಇಟ್ಟುಕೊಂಡು ಮೇಷ್ಟ್ರು ಕೂರುತ್ತಾರೆ.

ನಮ್ಮ ಚಿಕ್ಕಪ್ಪ ದುರ್ಯೋಧನನ ಪಾರ್ಟು. ಹಿಪ್ಪುನೇರಳೆ ತೋಟ, ಹುಳ ಸಾಕಣೆ. ಓದಿದ್ದು ಐದನೇ ಕ್ಲಾಸು. ಒಂದು ಸಂಜೆ ಕಟ್ಟೆ ಮೇಲೆ ಕೂತು ನಾನು ಫೋನಿನಲ್ಲಿ ಒಂದು ಆಲಾಪನೆ ಕೇಳುತ್ತಿದ್ದೆ. ಕಿವಿಗೆ ವಯರು ಹಾಕಿರಲಿಲ್ಲ, ಬೇಕಂತಲೇ. ಯಾರಾದರೂ "ಏನದು" ಅಂತ ಕೇಳಲಿ ಅನ್ನುವ ಆಸೆ. ಚಿಕ್ಕಪ್ಪ ಸೊಪ್ಪಿನ ಹೊರೆ ಇಳಿಸಿ ಬೆವರು ಒರೆಸಿಕೊಂಡು ಒಂದು ನಿಮಿಷ ನಿಂತರು. "ಮೋಹನ ಅಲ್ವೇನೋ? ನಮ್ಮ ಮೇಷ್ಟ್ರು ಇದನ್ನ ಇನ್ನೊಂದು ಮನೆ ಮೇಲೆ ಹಿಡೀತಾರೆ" ಅಂದು, ಎರಡು ಸಾಲು ಕಂದಪದ್ಯ ಹಾಡಿ, "ಹುಳಕ್ಕೆ ಮೂರನೇ ಜ್ವರ ಎದ್ದಿದೆ, ಸೊಪ್ಪು ಹಾಕ್ಬೇಕು" ಅಂತ ಒಳಗೆ ಹೋದರು. (ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ.) ನಾನು ಆ ರಾಗ ಮೋಹನ ಅಂತ ಗುರುತಿಸಲು ಎರಡು ವರ್ಷ ಕಚೇರಿ ಕೇಳಿದ್ದೆ.

ಇನ್ನು ಈ ಜಿಲ್ಲೆಯ ಇಬ್ಬರು ದೊಡ್ಡವರ ಬಗ್ಗೆ ಒಂದೆರಡು ಮಾತು, ಬೇಗ ಮುಗಿಸುತ್ತೇನೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು. ಕೋಟು, ಟೈ, ಮೈಸೂರು ಪೇಟ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು. ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ಖಾದಿ ಪಂಚೆ, ಜುಬ್ಬ, ಬಿಳಿ ಟೋಪಿ. ಇಬ್ಬರಿಗೂ ಬಟ್ಟೆಯ ಬಗ್ಗೆ ಗಟ್ಟಿ ನಿಲುವು ಇತ್ತು. ಇವರನ್ನು ಯಾರೂ ಸ್ಕೋಪು ಅನ್ನಲಿಲ್ಲ. ದೊಡ್ಡವರು ಅಂತಲೇ? ಇರಬಹುದು. ನನಗೆ ಅನ್ನಿಸುವುದು ಬೇರೆ. ಅವರಿಬ್ಬರೂ ಬಟ್ಟೆ ಬದಲಾಯಿಸಲಿಲ್ಲ, ಜನರ ಕಣ್ಣು ಅದಕ್ಕೆ ಒಗ್ಗಿಹೋಯಿತು. ಊರಿಗೆ ಕಣ್ಣು ಕುಕ್ಕುವುದು ಕೋಟಲ್ಲ, ನಿನ್ನೆ ಲುಂಗಿಯಲ್ಲಿದ್ದವನು ಇವತ್ತು ಕೋಟು ಹಾಕುವುದು. "ದೊಡ್ಡವನಾಗಿಬಿಟ್ಟ ಬಿಡು" ಅನ್ನುವ ಮಾತಿನಲ್ಲಿ ಹೊಟ್ಟೆಕಿಚ್ಚು ಅರ್ಧ. ಇನ್ನರ್ಧ, ಇವನು ನಮ್ಮನ್ನು ಬಿಟ್ಟು ಹೋಗುತ್ತಿದ್ದಾನಾ ಅನ್ನುವ ಭಯ. ನನ್ನ ವಿಷಯದಲ್ಲಿ ಮಾವನಿಗೆ ಆ ಭಯ ಬಂದದ್ದು ತಪ್ಪೇನೂ ಅಲ್ಲ. ನಾನು ಹೋಗುತ್ತಲೇ ಇದ್ದೆ.

ಇಷ್ಟು ಹೇಳಿ ನಾನು ಕೂತೆ. ಚಹಾ ಬರುವ ಮುಂಚೆ ಪ್ರಶ್ನೆ ಕೇಳಬಹುದು ಅಂದರು. ಒಬ್ಬ ಹುಡುಗ ಎದ್ದು, ಹಾಗಾದರೆ ಎಲ್ಲ ಸಂಗೀತವೂ ಒಂದೇನಾ ಸಾರ್, ಒಳ್ಳೆಯದು ಕೆಟ್ಟದ್ದು ಇಲ್ವಾ ಅಂದ. ಇದೆ ಅಂದೆ. ಎಲ್ಲವೂ ಒಂದೇ ಅನ್ನುವುದು ಸೋಮಾರಿಗಳ ಮಾತು. ನಮ್ಮಮ್ಮ ಎಲ್ಲ ಸೀರೆಯೂ ಒಂದೇ ಅನ್ನಲಿಲ್ಲ, ಎಳೆ ಸುಟ್ಟು ನೋಡಿದರು. ತಮಟೆಯಲ್ಲೂ ಚೆನ್ನಾಗಿ ಬಾರಿಸುವವರಿದ್ದಾರೆ, ಸುಮ್ನೆ ಬಡಿಯುವವರಿದ್ದಾರೆ. ನಾನು ಅವತ್ತು ಅದನ್ನು ಕೇಳಿ ಹೇಳಿದ್ದರೆ ಬೇರೆ ಮಾತಿತ್ತು, ಕೇಳದೇ ಗೇಟು ತೋರಿಸಿದೆ ಅಂದೆ.

ಹಿಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಕೈ ಎತ್ತಿದರು. ಬೆರಳು ನೋಡಿದ ಕೂಡಲೇ ಗೊತ್ತಾಯಿತು, ಫಿಲೇಚರ್ ಕೈ.

"ಅಂಗಿ ಚೆನ್ನಾಗಿದೆ ಕಣಪ್ಪ. ಎಷ್ಟು ಕೊಟ್ಟೆ?"

"ಸಾವಿರದ ಇನ್ನೂರು, ಅಮ್ಮ."

"ಇಸ್ತ್ರಿ ಯಾರು ಮಾಡ್ತಾರೆ?"

ಎಲ್ಲರೂ ನಕ್ಕರು. ನಮ್ಮ ಬೀದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿರುವವರು ಮಾಡಿಕೊಡುತ್ತಾರೆ, ಒಂದಕ್ಕೆ ಹತ್ತು ರೂಪಾಯಿ ಅಂದೆ. ಮಾರನೇ ದಿನ ಬೆಳಗ್ಗೆ ಅದೇ ಅಂಗಿ ಕೊಡಲು ಹೋದಾಗ ಅವರನ್ನು ಸರಿಯಾಗಿ ನೋಡಿದೆ. ಕೆಂಡ ತುಂಬಿದ ಪೆಟ್ಟಿಗೆ ಪಕ್ಕಕ್ಕಿಟ್ಟು ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಹಾಕಿಕೊಂಡಿದ್ದು ಯಾವುದೋ ಸಿಮೆಂಟ್ ಕಂಪನಿಯವರು ಪುಕ್ಕಟೆ ಕೊಟ್ಟ ಪಾಲಿಯೆಸ್ಟರ್ ಟೀ ಶರ್ಟು. ಒಂದು ಸುಕ್ಕೂ ಇರಲಿಲ್ಲ.